ಬಸಿ ಚಹಾ ಕೊಟ್ಟು ಕೈ ನೋಡುವ ಹುಲಗೆಮ್ಮ

ರಾಯಚೂರಿನಿಂದ ಯರಗೇರಾ ಕಡೆಗೆ ಹೋಗುವ ರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹತ್ತಿ ಮಿಲ್ಲಿನ ಗೇಟಿನ ಒಳಗೆ, ಹತ್ತಿ ರಾಶಿಗಳಿಂದ ದೂರ ಹಾಕಿದ ತಗಡಿನ ಚಪ್ಪರದ ಕೆಳಗೆ, ಹುಲಗೆಮ್ಮ ಚಹಾ ಕುದಿಸುತ್ತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಗೊಂದು ಹಳೇ ಟವೆಲ್ ಸುತ್ತಿಕೊಂಡಿದ್ದಾರೆ. ಒಂದು ಕಣ್ಣು ಪಾತೇಲಿಯ ಮೇಲೆ, ಇನ್ನೊಂದು ಗೇಟಿನ ಮೇಲೆ. ಚಂದ್ರಬಂಡ ಕಡೆಯ ಟಂಟಂ ಬಂದು ನಿಲ್ಲುತ್ತದೆ. ಶಾಲು ಹೊದ್ದ ಗಂಡಸರು ಒಬ್ಬೊಬ್ಬರೇ ಇಳಿದು, ಆಕಳಿಸುತ್ತ, ಕೆಮ್ಮುತ್ತ ಗೇಟು ದಾಟುತ್ತಾರೆ.

"ಬರ್ರೆಪಾ ಬರ್ರಿ, ಚಾ ಆರತದ! ಏ, ನಿನ್ನ ಬೀಡಿ ಹೊರಗ ಒಗದು ಬಾ. ಇದು ಹತ್ತಿ ಮಿಲ್ಲು, ನಿಮ್ಮ ಮಾವನ ಮನಿ ಕಟ್ಟಿ ಅಲ್ಲ."

ಕಪ್ಪು ಕೊಡುವುದಿಲ್ಲ, ಲೋಟ ಕೊಡುವುದಿಲ್ಲ. ಪ್ರತಿಯೊಬ್ಬರಿಗೂ ಬಸಿ, ಅಂದರೆ ಕಪ್ಪಿನ ಕೆಳಗಿಡುವ ಸಾಸರ್. ಅದೂ ಅರ್ಧ ಅಲ್ಲ, ಅಂಚು ಮುಟ್ಟುವ ಹಾಗೆ ತುಂಬಿದ ಬಸಿ. ಕೊಡುವಾಗ ಹುಲಗೆಮ್ಮ ಯಾರ ಮುಖವನ್ನೂ ನೋಡುವುದಿಲ್ಲ, ಕೈ ನೋಡುತ್ತಾರೆ. ಬಸಿ ತುಟಿ ಮುಟ್ಟುವ ತನಕ ಚಹಾ ಅಲುಗದೆ ನಿಂತರೆ ಅವನು ಮುಂದೆ ಸಾಗುತ್ತಾನೆ. ತುಳುಕಿ ಬೆರಳಿನ ಮೇಲೆ, ಅಂಗಿಯ ಮೇಲೆ ಚೆಲ್ಲಿದರೆ, ಹುಲಗೆಮ್ಮ ದನಿ ಇಳಿಸಿ ಒಂದೇ ಮಾತು ಹೇಳುತ್ತಾರೆ: "ನೀ ಇವತ್ತು ನೆರಳಿಗೆ ಹೋಗಪಾ." ಯಾರೂ ನಗುವುದಿಲ್ಲ, ಯಾಕೆ ಎಂದು ಕೇಳುವುದಿಲ್ಲ. ಹಿಂದಿನವನು ಮುಂದೆ ಬಂದು ಕೈ ಚಾಚುತ್ತಾನೆ.

ಇಷ್ಟು ವರ್ಷ ಈ ಗೇಟಿನ ಮುಂದೆ ಓಡಾಡಿದವರಿಗೂ ಇಲ್ಲೊಂದು ಪರೀಕ್ಷೆ ನಡೆಯುತ್ತದೆಂದು ಗೊತ್ತಿಲ್ಲ. ನೋಡಿದವರಿಗೆ ಅದು ಬರೀ ಚಹಾ. ಅಷ್ಟೇ ಆಗಿರಲಿ ಎಂಬುದೇ ಹುಲಗೆಮ್ಮನವರ ಇಷ್ಟ. "ಪರೀಕ್ಷಾ ಅಂದ್ರ ಮಂದಿ ಅಂಜತಾರ್ರೀ. ಚಾ ಅಂದ್ರ ಯಾರು ಅಂಜತಾರ?" ಎನ್ನುತ್ತ ಪಾತೇಲಿಗೆ ಇನ್ನೊಂದು ಹಿಡಿ ಸಕ್ಕರೆ ಸುರಿಯುತ್ತಾರೆ. ಸಕ್ಕರೆಯ ವಿಷಯದಲ್ಲಿ ಈ ತಾಯಿಯ ಕೈ ಬಲು ದೊಡ್ಡದು.

ಈ ಮಿಲ್ಲಿನ ಜಿನ್ನುಗಳು ಹಳೆಯವು. ಹತ್ತಿಯಿಂದ ಬೀಜ ಬೇರೆ ಮಾಡುವ ಯಂತ್ರಕ್ಕೆ ಜಿನ್ನು ಎನ್ನುತ್ತಾರೆ. ದೊಡ್ಡ ಕಾರ್ಖಾನೆಗಳಲ್ಲಿ ಅದಕ್ಕೆ ಹತ್ತಿ ತಾನಾಗಿಯೇ ಹೋಗಿ ಬೀಳುತ್ತದೆ. ಇಲ್ಲಿ ಇನ್ನೂ ಮನುಷ್ಯನೇ ನಿಂತು ಕೈಯಿಂದ ಹಾಕಬೇಕು. ಹತ್ತಿ ಎಳೆದುಕೊಳ್ಳುವ ಉರುಳೆಗೆ ಹತ್ತಿಯೂ ಒಂದೇ, ಬೆರಳೂ ಒಂದೇ. ನಡುಗುವ ಕೈ, ತೂಗುವ ತಲೆ ಅದರ ಹತ್ತಿರ ಸುಳಿಯಬಾರದು. ಹಾಗಂತ ನಡುಗುವ ಕೈಯವನನ್ನು ಗೇಟಿನ ಹೊರಗೆ ದಬ್ಬಿದರೆ ಅವನು ಎಲ್ಲಿಗೆ ಹೋಗುತ್ತಾನೆ? ರಸ್ತೆ ದಾಟಿದರೆ ವೈನ್ ಶಾಪು. ಹುಲಗೆಮ್ಮನವರ ಕೆಲಸವೆಲ್ಲ ಈ ಎರಡರ ನಡುವೆ ಇದೆ.

ಅವರ ತವರು ದೇವದುರ್ಗದ ಕಡೆಯ ಹಳ್ಳಿ. ಯಂಕಣ್ಣನನ್ನು ಮದುವೆಯಾಗಿ ರಾಯಚೂರಿಗೆ ಬಂದಾಗ ಮಾವ ಮೂಕಪ್ಪ ಇದೇ ಮಿಲ್ಲಿನಲ್ಲಿ ಹಮಾಲರಾಗಿದ್ದರು. ಹೆಸರಿಗೆ ಮೂಕಪ್ಪ, ಮಾತಿಗೆ ಕೂತರೆ ಊರೇ ಎದ್ದು ಹೋದರೂ ನಿಲ್ಲಿಸುತ್ತಿರಲಿಲ್ಲವಂತೆ. ಸೊಸೆಗೆ ಮಿಲ್ಲಿನ ಹಳೇ ಕಥೆಗಳೆಲ್ಲ ತಿಳಿದದ್ದು ಅವರ ಬಾಯಿಂದಲೇ. ಮೂಕಪ್ಪನವರ ಹರೆಯದಲ್ಲಿ ಈ ಮಿಲ್ಲು ಬೇರೆ ಮಾಲೀಕರ ಕೈಯಲ್ಲಿತ್ತು. ಆಗ ಇದೇ ಗೇಟಿನಲ್ಲಿ ಚಹಾದ ಪಾತೇಲಿ ಇರಲಿಲ್ಲ, ಸೇಂದಿ ಹೆಂಡದ ಗಡಿಗೆ ಇತ್ತು. ಇಟ್ಟವರು ಯಾರು? ಸ್ವತಃ ಮಾಲೀಕರೇ! ಹತ್ತಿ ತುಂಬಿದ ಅಂಡಿಗೆ ಮೂಟೆ ಹೊರುವವರು ಬೆಳಿಗ್ಗೆ ಒಂದು ಮಗ್ಗು ಏರಿಸಿ ಕೆಲಸಕ್ಕೆ ಇಳಿಯಬೇಕು, ಮಧ್ಯಾಹ್ನ ಸುಸ್ತಾದರೆ ಇನ್ನೊಂದು ಮಗ್ಗು.

"ಕುಡದ್ರ ಭಾರ ತಿಳಿಯಂಗಿಲ್ಲಂತ ಅವ್ರೇ ಕುಡಸತಿದ್ರಂತ್ರೀ. ವಾರದ ಪಗಾರದಾಗ ಮುರಕೊಳ್ತಿದ್ರಂತ. ಮೈ ನಮ್ಮದು, ಸೇಂದಿ ಅವರದು, ಲಾಭಾನೂ ಅವರದು! ನಮ್ಮ ಮಾವಗ ಚಟಾ ಹಚ್ಚಿದ್ದು ಬ್ಯಾರೆ ಯಾರೂ ಅಲ್ಲ, ಇದೇ ಮಿಲ್ಲು," ಎನ್ನುವಾಗ ಹುಲಗೆಮ್ಮನವರ ದನಿಯಲ್ಲಿ ಸಿಟ್ಟು ಇನ್ನೂ ಬಿಸಿಯಾಗಿಯೇ ಇದೆ. ಮಾವ ಸಾಯುವ ತನಕ ಗಡಿಗೆಯ ನೆನಪಿನಲ್ಲೇ ಬದುಕಿದರು. ಆ ಚಟ ಮಗ ಯಂಕಣ್ಣನಿಗೂ ಇಳಿಯಿತು.

ಆಮೇಲೆ ಮಿಲ್ಲು ಕೊಂಡವರು ಶೇಷಗಿರಿರಾಯರು. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಆಗದೆ ಗುಟುಕು ನೀರು ಕುಡಿಯದ ಮನುಷ್ಯ. ಗೇಟಿನಲ್ಲಿ ಸೇಂದಿಯ ವಾಸನೆ ಬಡಿದು ಹೌಹಾರಿದರು. ಬಂದ ದಿನವೇ ಗಡಿಗೆ ಒಡೆಸಿದರು. ಒಡೆದರೆ ಚಟ ಹೋಗುತ್ತದೆಯೇ? ಹೋಗಲಿಲ್ಲ. ಸರಿ, ದಸರಾ ಕಳೆದು ಹತ್ತಿ ಬರುವ ಮುಂಚೆ ಎಲ್ಲರನ್ನೂ ಲಾರಿಗೆ ಹತ್ತಿಸಿ ಕೃಷ್ಣೆಯ ದಂಡೆಗೆ ಕರೆದೊಯ್ದರು. ಬೊಗಸೆಯಲ್ಲಿ ಹೊಳೆ ನೀರು ಹಿಡಿದು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದರು. ವಾಪಸು ಬಂದು ಎಲ್ಲರಿಗೂ ಹೊಟ್ಟೆ ತುಂಬ ಊಟ. ರಾಯರ ಮನಸ್ಸು ಹಾಲಿನಂಥದ್ದು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆಣೆ ಮಾಡಿದವರಲ್ಲಿ ಕೆಲವರು ವಾರ ತುಂಬುವುದರೊಳಗೆ ಮತ್ತೆ ಕುಡಿದರು. ಕುಡಿದವರು ಮಿಲ್ಲಿಗೆ ಬರುವುದನ್ನೇ ಬಿಟ್ಟರು. ಹೊಳೆಯ ಮುಂದೆ ಕೊಟ್ಟ ಮಾತು ತಪ್ಪಿದವನು ರಾಯರ ಕಣ್ಣಿಗೆ ಬೀಳುವುದು ಹೇಗೆ? ಒಬ್ಬ ಮಾನ್ವಿಯ ಅಕ್ಕಿ ಗಿರಣಿಗೆ ಓಡಿದ, ಒಬ್ಬ ಹೈದರಾಬಾದಿಗೆ ಹೋದವನು ತಿರುಗಿ ಬರಲಿಲ್ಲ. ಹತ್ತಿ ಬಂದು ಅಂಗಳ ತುಂಬಿದೆ, ಹಾಕುವ ಕೈಗಳಿಲ್ಲ. ಆಗ ಮಿಲ್ಲಿನ ಲೆಕ್ಕಪತ್ರ ನೋಡುವ ಮುನೀಮರು ಬಿಗಿ ಮಾಡಿದರು. ಕುಡಿದು ಬಂದರೆ ದಂಡ, ಎರಡನೇ ಸಲ ಬಂದರೆ ಗೇಟು ಬಂದ್. ಆ ಕಾಲದಲ್ಲಿ ಹಿಂದಿನ ಗೋಡೆ ಹಾರಿ ಬರುವವರಿಗೇನೂ ಕಮ್ಮಿ ಇರಲಿಲ್ಲ ಎಂದು ಹುಲಗೆಮ್ಮ ನಗುತ್ತಾರೆ.

ಬಸಿಯ ಉಪಾಯವೂ ಆ ಮುನೀಮರದ್ದೇ. ಕುಡುಕನ ಕೈ ನಡುಗುತ್ತದೆ, ನಡುಗುವ ಕೈಯಲ್ಲಿ ತುಂಬಿದ ಬಸಿ ನಿಲ್ಲುವುದಿಲ್ಲ, ಚೆಲ್ಲಿದವನನ್ನು ಮನೆಗೆ ಕಳಿಸಿದರಾಯಿತು. ಲೆಕ್ಕ ಸರಿಯಾಗಿಯೇ ಕಂಡಿತು. ಎಲ್ಲರೂ ಭೇಷ್ ಎಂದರು. ಆಗ ಮಿಲ್ಲಿನಲ್ಲಿ ಚಹಾ ಮಾಡುವ ಕೆಲಸಕ್ಕೆ ಹುಲಗೆಮ್ಮ ಹೊಸದಾಗಿ ಸೇರಿದ್ದರು. ಬಸಿ ತುಂಬುವುದು ಇವರು, ನೋಡುವುದು ಮುನೀಮರು.

ಆ ವರ್ಷವೇ, ಇದೇ ಮಿಲ್ಲಿನಲ್ಲಿ ಜಿನ್ನಿಗೆ ಹತ್ತಿ ಹಾಕುತ್ತಿದ್ದ ಯಂಕಣ್ಣ ಕುಡಿಯುವುದನ್ನು ಬಿಟ್ಟರು. ಹೊಳೆಯ ಆಣೆ ಮುರಿದರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡು ಮತ್ತೆ ಬಿಡಲು ಹೊರಟ ಕೆಲವರಲ್ಲಿ ಅವರೂ ಒಬ್ಬರು. ಮಗಳು ಸವಿತಾ ಆಗ ಅಂಬೆಗಾಲಿಡುತ್ತಿದ್ದಳು. ಬಿಟ್ಟ ಎರಡು ಮೂರು ದಿನಕ್ಕೆ ಯಂಕಣ್ಣನ ಮೈಯೆಲ್ಲ ಬೆವರು, ನಿದ್ದೆಯಿಲ್ಲ, ಕೈಯಂತೂ ನಿಲ್ಲಲೊಲ್ಲದು. ಹಾಗೆಯೇ ಕೆಲಸಕ್ಕೆ ಬಂದರು. ಹೆಂಡತಿಯ ಕೈಯಿಂದ ಬಸಿ ಇಸಿದುಕೊಂಡರು. ಚಹಾ ಎಲ್ಲ ಚೆಲ್ಲಿ ನೆಲಕ್ಕೆ ಬಿತ್ತು. ಕುಡಿದು ಬಂದಿದ್ದೀಯಾ ಎಂದು ಮುನೀಮರು ಗದರಿ ಮನೆಗೆ ಕಳಿಸಿದರು.

"ಇಲ್ಲ, ಬಿಟ್ಟಾನ್ರೀ, ಬಿಟ್ಟದ್ದಕ್ಕೇ ನಡಗಾಕತ್ಯಾನ ಅಂತ ನನಗ ಗೊತ್ತಿತ್ತು. ಮನ್ಯಾಗ ನೋಡೀನಲ್ಲ! ಹೇಳಾಕ ಬಾಯಿ ತಗದೆ. ನೀ ಸುಮ್ಮನಿರವ್ವಾ, ಹೆಂಡ್ತಿ ಸಾಕ್ಷಿ ನಡಿಯಂಗಿಲ್ಲ ಅಂದ್ರು." ಹುಲಗೆಮ್ಮ ಇದನ್ನು ಹೇಳುವಾಗ ಕೈ ತಾನಾಗಿಯೇ ಪಾತೇಲಿ ಒರೆಸುತ್ತಿದೆ. ಅವಮಾನವಾದ ಯಂಕಣ್ಣ ಗೇಟಿನಿಂದ ನೇರ ಅಂಗಡಿಗೆ ಹೋದರು. ಮರುದಿನ ಬೆಳಿಗ್ಗೆ ಏಳುತ್ತಲೇ ಒಂದಿಷ್ಟು ಹಾಕಿಕೊಂಡು ಬಂದರು. ನಡುಕ ನಿಂತಿತ್ತು. ಬಸಿ ಕಲ್ಲಿನ ಹಾಗೆ ನಿಂತಿತು. ಹಿಂಗ ಇರಬೇಕು ನೋಡು ಎಂದು ಮುನೀಮರು ಬೆನ್ನು ತಟ್ಟಿ ಜಿನ್ನಿಗೆ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಯಂಕಣ್ಣನ ಬಲಗೈಯ ಬೆರಳುಗಳು ಉರುಳೆಗೆ ಸಿಕ್ಕವು.

ಬಿಟ್ಟವನು ಚೆಲ್ಲುತ್ತಾನೆ, ಕುಡಿದವನು ಚೆಲ್ಲುವುದಿಲ್ಲ! ಕುಡಿತ ಬಿಡಲು ಹೆಣಗುವವನನ್ನು ಇಡೀ ಮಿಲ್ಲು ಮನೆಗೆ ಅಟ್ಟಿ, ಬೆಳಿಗ್ಗೆಯೇ ಏರಿಸಿ ಬಂದವನನ್ನು ಯಂತ್ರದ ಮುಂದೆ ನಿಲ್ಲಿಸುತ್ತಿತ್ತು. ಆಸ್ಪತ್ರೆಯಲ್ಲಿ ವೈದ್ಯರು ವಿಷಯ ಬಿಡಿಸಿ ಹೇಳಿದಾಗ ಶೇಷಗಿರಿರಾಯರು ತಲೆಯ ಮೇಲೆ ಕೈಹೊತ್ತು ಕುಳಿತುಬಿಟ್ಟರು. ಬಹಳ ದಿನದಿಂದ ಕುಡಿಯುವವನು ಒಮ್ಮೆಲೇ ಬಿಟ್ಟರೆ ಕೈ ನಡುಗುವುದಷ್ಟೇ ಅಲ್ಲ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು, ಅಂಥವರನ್ನು ಒಂಟಿಯಾಗಿ ಬಿಡಬಾರದು, ಔಷಧ ಕೊಡಿಸಬೇಕು ಎಂದು ವೈದ್ಯರು ತಾಕೀತು ಮಾಡಿದರು. ರಾಯರು ಹುಲಗೆಮ್ಮನವರ ಎದುರು ನಿಂತು, ಏನು ಮಾಡಲಿ ತಾಯಿ, ನೀನೇ ಹೇಳು ಎಂದರು.

ಹುಲಗೆಮ್ಮ ಪರಿಹಾರದ ಮಾತೆತ್ತಲಿಲ್ಲ. ಅವರು ಕೇಳಿದ್ದು ಬೇರೆಯೇ. "ಗೇಟು ಬಂದ್ ಮಾಡಬ್ಯಾಡ್ರಿ ಧಣೇರ. ಚೆಲ್ಲಿದಾಂವನ್ನ ನಮ್ಮ ಜೋಡಿ ನೆರಳಿಗೆ ಕೂಡಸ್ರಿ. ಪಗಾರಾ ಮಾತ್ರ ಜಿನ್ನಿನ ಪಗಾರಾನೇ ಕೊಡ್ರಿ. ಕೈ ನಿಂತ ಮ್ಯಾಲೆ ವಾಪಸ್ ಕಳಸೋಣು." ರಾಯರು ಒಪ್ಪಿದರು. ಅಂದಿನಿಂದ ಬಸಿ ಕೊಡುವುದೂ ನೋಡುವುದೂ ಹುಲಗೆಮ್ಮನವರದೇ ಆಯಿತು. ನೆರಳಿಗೆ ಮೊದಲು ಬಂದು ಕುಳಿತವರು ಕೈಗೆ ಬಟ್ಟೆ ಸುತ್ತಿಕೊಂಡ ಯಂಕಣ್ಣ.

ನೆರಳು ಎಂದರೆ ಮಿಲ್ಲಿನ ಹಿಂದಿನ ಉದ್ದನೆಯ ಶೆಡ್ಡು. ಅಲ್ಲಿ ಹೆಂಗಸರು ಹತ್ತಿಯಲ್ಲಿನ ಎಲೆ, ಕಡ್ಡಿ, ಹಳದಿ ಬಿದ್ದ ಎಳೆ ಆರಿಸುತ್ತಾರೆ. ಅವರ ಯಜಮಾನಿ ದಾವಲ್ ಬೀ. ಹಲ್ಲು ಉದುರಿದರೂ ನಾಲಿಗೆ ಮೊಂಡಾಗದ ಮುದುಕಿ. ಹೊಸದಾಗಿ ಬಂದ ಗಂಡಸು ತಲೆ ತಗ್ಗಿಸಿ ಕೂತರೆ, "ಏನಪಾ ಮದುಮಗ, ಸೆರಗು ಕೊಡ್ಲೇನು ಮುಚ್ಚಿಕೊಳ್ಳಾಕ?" ಎಂದು ಕೆಣಕಿ ನಗಿಸುತ್ತಾಳೆ. ನಡುಗುವ ಕೈಗೆ ಹತ್ತಿ ಆರಿಸುವುದು ಒಳ್ಳೆಯ ಕೆಲಸ. ತಪ್ಪಿದರೆ ಯಾರಿಗೂ ಪೆಟ್ಟಾಗುವುದಿಲ್ಲ. ಗಳಿಗೆಗೊಮ್ಮೆ ಉಪ್ಪು ಹಾಕಿದ ಮಜ್ಜಿಗೆ, ಹೊತ್ತಿಗೆ ಸರಿಯಾಗಿ ಸರ್ಕಾರಿ ಆಸ್ಪತ್ರೆಯ ಮಾತ್ರೆ. ಯಾರಾದರೂ ಇಲ್ಲದ್ದನ್ನು ಕಂಡಂತೆ ಮಾತಾಡಿದರೆ, ಮೈ ಸೆಟೆದರೆ, ಕೂಡಲೇ ಆಟೊ ಕರೆಸಿ ಹುಲಗೆಮ್ಮನೇ ಜೊತೆಗೆ ಹತ್ತುತ್ತಾರೆ.

ಎಲ್ಲರೂ ಬಿಟ್ಟರೇ? ಇಲ್ಲ. ಹುಲಗೆಮ್ಮ ಸುಳ್ಳು ಹೇಳುವುದಿಲ್ಲ. ಬಿಟ್ಟವರಿದ್ದಾರೆ, ಬಿಟ್ಟು ಮತ್ತೆ ಹಿಡಿದವರಿದ್ದಾರೆ, ಸತ್ತವರೂ ಇದ್ದಾರೆ. ಆದರೆ ಯಂಕಣ್ಣನ ನಂತರ ಈ ಜಿನ್ನುಗಳಿಗೆ ಯಾರ ಬೆರಳೂ ಸಿಕ್ಕಿಲ್ಲ. ಯಂಕಣ್ಣ ಕೂಡ ನಾಲ್ಕೈದು ಸಲ ಜಾರಿ, ಎದ್ದು, ಕೊನೆಗೆ ಪೂರ್ತಿ ಬಿಟ್ಟರು. ಈಗ ಮನೆಯಲ್ಲಿ ಮೇಕೆ ಸಾಕಿಕೊಂಡಿದ್ದಾರೆ. "ನನ್ನ ಹೆಂಡ್ತಿ ನನ್ನ ಬಿಡಸಲಿಲ್ರೀ, ಬಿಡಾಕ ಜಾಗಾ ಕೊಟ್ಟಳು," ಎಂದು ಎಡಗೈಯಿಂದ ಮೇಕೆಯ ಕಿವಿ ತುರಿಸುತ್ತ ಹೇಳುತ್ತಾರೆ.

ಒಂದು ವಿಷಯವನ್ನು ಮಾತ್ರ ಹುಲಗೆಮ್ಮ ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಚೆಲ್ಲಿದವನು ಕೈಯಿಂದಲೇ ಗೊತ್ತಾಗುತ್ತಾನೆ. ಚೆಲ್ಲದವನ ಬಾಯಿ ಮೂಸಿ ನೋಡಬೇಕು. ಅವರು ಬಸಿ ಕೊಡುತ್ತ ತುಸು ಬಗ್ಗುತ್ತಿದ್ದದ್ದು ಅದಕ್ಕೇ. ಆದರೆ ವರ್ಷಗಟ್ಟಲೆ ಹತ್ತಿಯ ಧೂಳು ಕುಡಿದ ಮೂಗು ಮೆಲ್ಲಗೆ ಸತ್ತುಹೋಗಿತ್ತು. ಒಗ್ಗರಣೆ ಸೀದರೂ ತಿಳಿಯುತ್ತಿರಲಿಲ್ಲ. ಹೇಳಿದರೆ ಗೇಟಿನಿಂದ ಎಬ್ಬಿಸಿಯಾರು ಎಂಬ ಅಂಜಿಕೆ. ಹಾಗಾಗಿ ಸುಮ್ಮನೆ ಬಗ್ಗುವುದನ್ನು ಮುಂದುವರಿಸಿದರು.

ಈ ಹಂಗಾಮು ಶುರುವಾಗುವಾಗ ಶೇಷಗಿರಿರಾಯರು ವಯಸ್ಸಾಗಿ ಮನೆಯಲ್ಲಿ ಉಳಿದರು, ಮಗ ವಿಶ್ವೇಶ ಮಿಲ್ಲಿಗೆ ಬಂದರು. ಬರುವಾಗ ಅಂಗೈಯಷ್ಟಗಲದ ಒಂದು ಯಂತ್ರ ತಂದರು. ಪೊಲೀಸರು ರಸ್ತೆಯಲ್ಲಿ ಊದಿಸುತ್ತಾರಲ್ಲ, ಅಂಥದ್ದು. ಊದಿದಾಗ ಸೊನ್ನೆ ಬಂದರೆ ಜಿನ್ನಿಗೆ, ಇಲ್ಲದಿದ್ದರೆ ಮನೆಗೆ. ಇನ್ನು ಬಸಿ ಬೇಡ ಎಂದರು. ಹುಲಗೆಮ್ಮನವರಿಗೆ ಕೆಂಡ ಮೆಟ್ಟಿದ ಹಾಗಾಯಿತು. "ಈ ಪೀಪಿ ನನಗ ಕಲಸತದ?" ಎಂದು ದಾವಲ್ ಬೀ ಎದುರು ಗೊಣಗಿದರೂ, ಮೊದಲ ದಿನ ಎರಡೂ ನಡೆಯಲಿ ಎಂದು ಪಟ್ಟು ಹಿಡಿದರು.

ಆ ಬೆಳಿಗ್ಗೆ, ಹತ್ತಿಯನ್ನು ಅದುಮಿ ಬೇಲ್ ಕಟ್ಟುವ ಮಲ್ಲೇಶ ಬಂದ. ಬಸಿ ಅಲುಗಲಿಲ್ಲ. ಹೋಗಪಾ ಎಂದು ಹುಲಗೆಮ್ಮ ಕೈ ಮಾಡಿದರು. ಯಂತ್ರಕ್ಕೆ ಊದಿಸಿದರೆ ಕೆಂಪು ದೀಪ ಹತ್ತಿ ಕಿರುಚಿಕೊಂಡಿತು. ಹುಲಗೆಮ್ಮ ಬೆಪ್ಪಾಗಿ ನಿಂತರು. ಎಷ್ಟು ದಿನದಿಂದ ಇವನನ್ನು ಹೀಗೇ ಒಳಗೆ ಬಿಟ್ಟಿದ್ದೆನೋ ಎಂದುಕೊಂಡರು. ವಿಶ್ವೇಶನನ್ನು ಬದಿಗೆ ಕರೆದು, ಮೂಗು ಹೋಗಿರುವ ವಿಷಯ ಹೇಳಿಬಿಟ್ಟರು. ಹೇಳಿ ಅತ್ತರು ಕೂಡ. ಚಿಕ್ಕಂದಿನಿಂದ ಇವರ ಚಹಾ ಕುಡಿದು ಬೆಳೆದ ವಿಶ್ವೇಶ ಗದರಲಿಲ್ಲ. "ಅವ್ವಾ, ಮೊದಲೇ ಯಾಕ ಹೇಳಲಿಲ್ಲ? ಅದಕ್ಕೇ ಅಲ್ಲೇನು ಮಷಿನ್ ತಂದದ್ದು," ಎಂದರು.

ಅಷ್ಟರಲ್ಲಿ ಸರತಿಯಲ್ಲಿ ಅಂಜಿನೇಯ ಬಂದ. ಚಂದ್ರಬಂಡದವನು, ಮಿಲ್ಲಿನಲ್ಲಿ ಜಿನ್ನಿಗೆ ಹತ್ತಿ ಹಾಕುವವರಲ್ಲಿ ಅವನನ್ನು ಮೀರಿಸುವವರಿಲ್ಲ. ಯಂತ್ರಕ್ಕೆ ಊದಿದ, ಶುದ್ಧ ಸೊನ್ನೆ. ಬಸಿ ಕೊಟ್ಟರೆ ಅಂಗಿಯ ಎದೆಯೆಲ್ಲ ಚಹಾ! ಹೆಂಡತಿ ರಾಧಾ ಗಂಟು ಕಟ್ಟಿ ತವರಿಗೆ ಹೊರಟಿದ್ದಳಂತೆ, ಅವಳನ್ನು ತಡೆದು ಕುಡಿಯುವುದನ್ನು ಬಿಟ್ಟು ಅಂದಿಗೆ ಮೂರನೇ ದಿನ.

"ಸೊನ್ನೆ ಬಂದದಲ್ಲ, ಜಿನ್ನಿಗೆ ಹೋಗ್ಲಿ," ಎಂದರು ವಿಶ್ವೇಶ.

"ಧಣೇರ, ಇವನ ಬಾಯಾಗ ದಾರೂ ಇಲ್ಲ, ಖರೆ. ಮೈಯಾಗಿಂದು ಇನ್ನೂ ಹೋಗಾಕತ್ತದ. ಇವತ್ತು ಇವ ಜಿನ್ನಿನ ಮುಂದ ನಿಂತ್ರ ನಾ ಇಲ್ಲಿ ನಿಂದ್ರಂಗಿಲ್ಲ."

ಅಂಜಿನೇಯನಿಗೂ ನೆರಳು ಬೇಡ. "ಯವ್ವಾ, ನಾ ಗಂಡಸು. ಹೆಂಗಸರ ನಡುವ ಕೂತು ಕಸಾ ಆರಸ್ಲೇನು?" ಎಂದು ಮುಖ ಕೆಂಪಗೆ ಮಾಡಿದ. ಹುಲಗೆಮ್ಮ ಅವನ ಒದ್ದೆಯಾದ ಮುಂಗೈ ಹಿಡಿದು ವಿಶ್ವೇಶನ ಅಂಗೈಯಲ್ಲಿ ಇಟ್ಟರು. ಆ ನಡುಕ ಕೈಗೆ ತಾಗಿದ ಮೇಲೆ ವಿಶ್ವೇಶ ವಾದ ಮಾಡಲಿಲ್ಲ. ಆಸ್ಪತ್ರೆಗೆ ತಾವೇ ಕಾರಿನಲ್ಲಿ ಕೂರಿಸಿಕೊಂಡು ಹೋದರು. ಅಂದಿನಿಂದ ಗೇಟಿನಲ್ಲಿ ಬಸಿಯೂ ಇದೆ, ಯಂತ್ರವೂ ಇದೆ. ಎರಡೂ ಹುಲಗೆಮ್ಮನವರ ಕೈಯಲ್ಲೇ. ಸೊನ್ನೆ ಬಂದು, ಚಹಾ ಚೆಲ್ಲದಿದ್ದರೆ ಮಾತ್ರ ಜಿನ್ನು, ಇಲ್ಲದಿದ್ದರೆ ನೆರಳು. ಮಲ್ಲೇಶನನ್ನೂ ಮನೆಗೆ ಕಳಿಸಲಿಲ್ಲ.

ಆದರೆ ಮಿಲ್ಲಿಗೆ ವಿಶ್ವೇಶ ಒಬ್ಬರೇ ಮಾಲೀಕರಲ್ಲ. ಅವರ ಕಾಕಾ, ಅಂದರೆ ಚಿಕ್ಕಪ್ಪ, ಒಬ್ಬರ ಪಾಲಿದೆ. ಕಸ ಆರಿಸುವವನಿಗೆ ಜಿನ್ನಿನ ಪಗಾರ ಕೊಡುವುದು ಯಾವ ಧರ್ಮ ಎಂದು ಅವರು ರೇಗಿದರು. ಕುಡುಕರಿಗೆ ನೆರಳು ಹಾಸಿ ಕೊಟ್ಟರೆ ಯಾವನು ಬಿಡುತ್ತಾನೆ ಎಂದರು. ಕೊನೆಗೆ ಒಂದು ಷರತ್ತು ಹಾಕಿದರು. ನೆರಳಿನಲ್ಲಿ ಕೂತು ಪಗಾರ ತೆಗೆದುಕೊಳ್ಳುವವನು ಮತ್ತೆ ಕುಡಿದು ಗೇಟಿಗೆ ಬಂದರೆ, ಅವನೊಬ್ಬನದಲ್ಲ, ಈ ಪದ್ಧತಿಯೇ ಅಂದಿಗೆ ಬಂದ್. ಬೇರೆ ದಾರಿ ಇರಲಿಲ್ಲ. ಹುಲಗೆಮ್ಮ ತಲೆಯಾಡಿಸಿದರು. ಎಷ್ಟೋ ಜನ ಜಾರಿ ಎದ್ದದ್ದನ್ನು ಕಂಡ ಅವರಿಗೆ, ಆ ಷರತ್ತು ಎಂಥ ದಾರದ ಮೇಲೆ ನಿಂತಿದೆ ಎಂದು ಗೊತ್ತಿತ್ತು.

ಅಂಜಿನೇಯ ನೆರಳಿಗೆ ಒಗ್ಗಿದ. ನಾಲ್ಕು ದಿನ ಮುಖ ಗಂಟು ಹಾಕಿದವನು ಆಮೇಲೆ ದಾವಲ್ ಬೀಗೆ ಎದುರುತ್ತರ ಕೊಡತೊಡಗಿದ. ಅವನ ಡಬ್ಬಿಯಲ್ಲಿ ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಬರತೊಡಗಿತು. ರಾಧಾಳ ಮನಸ್ಸು ಕರಗಿದೆ ಎಂದು ಹೆಂಗಸರು ತೀರ್ಮಾನಿಸಿದರು. ಬಸಿಯಲ್ಲಿ ಚೆಲ್ಲುವುದು ಕಮ್ಮಿಯಾಗುತ್ತ ಬಂತು. ಇನ್ನೇನು ಜಿನ್ನಿಗೆ ಕಳಿಸಬೇಕು ಎನ್ನುವಾಗ, ಮಾನ್ವಿಯಲ್ಲಿ ಭಾಮೈದನ ಮದುವೆ ಬಂತು. ಹೋಗಬೇಡ ಎನ್ನಲು ಬರುತ್ತದೆಯೇ? ಹುಷಾರಪಾ ಎಂದಷ್ಟೇ ಹೇಳಿ ಹುಲಗೆಮ್ಮ ಕಳಿಸಿದರು.

ಕಳೆದ ಸೋಮವಾರ ಬೆಳಿಗ್ಗೆ ಟಂಟಂ ಬಂದು ನಿಂತಿತು. ಅಂಜಿನೇಯ ಎಲ್ಲರಿಗಿಂತ ಕೊನೆಗೆ ಇಳಿದ. ಮದುವೆಯ ಹೊಸ ಅಂಗಿಯಲ್ಲೇ ಇದ್ದ. ಅವನ ಸರತಿ ಬಂದಾಗ ಹುಲಗೆಮ್ಮ ಯಂತ್ರ ಮುಂದೆ ಹಿಡಿದರು. ಅವನು ಊದಲಿಲ್ಲ.

"ಯವ್ವಾ, ಊದಸಬ್ಯಾಡ. ನಾ ಕುಡದೀನಿ. ಮಾನ್ವ್ಯಾಗ ಮದುವ್ಯಾಗ ಕುಡದೆ, ನಿನ್ನೆ ಮತ್ತ ಕುಡದೆ."

ಹುಲಗೆಮ್ಮ ಮುಂದೆ ಹಿಡಿದ ಯಂತ್ರ ಕೆಳಗಿಳಿಸಿದರು. ಪಕ್ಕದಲ್ಲಿ ಚಹಾಕ್ಕೆ ಬಂದಿದ್ದ ದಾವಲ್ ಬೀ ಹುಲಗೆಮ್ಮನ ರಟ್ಟೆ ಚಿವುಟಿ, "ಧಣಿ ಕೇಳಿಲ್ಲ ಬೇ, ಕಾಟಾದ ಹತ್ತಿರ ನಿಂತಾನ. ಇವನ್ನ ಲಗೂ ಒಳಗ ತಳ್ಳು," ಎಂದು ಪಿಸುಗುಟ್ಟಿದಳು. ನಿಜ, ವಿಶ್ವೇಶ ಹತ್ತಿಯ ಲಾರಿ ತೂಕ ಮಾಡಿಸುತ್ತ ದೂರದಲ್ಲಿದ್ದರು. ಯಂತ್ರ ಇರುವುದು ಹುಲಗೆಮ್ಮನ ಕೈಯಲ್ಲೇ. ಸೊನ್ನೆ ಬಂತು ಎಂದರೆ ಕೇಳುವವರಿಲ್ಲ. ಹೇಳದಿದ್ದರೆ ನೆರಳು ಉಳಿಯುತ್ತದೆ. ಹೇಳಿದರೆ ಎಲ್ಲರ ನೆರಳೂ ಹೋಗುತ್ತದೆ.

"ಧಣೇರ," ಎಂದು ಅವರು ಕೂಗಿಯೇಬಿಟ್ಟರು. "ಇಲ್ಲಿ ಬರ್ರಿ. ಇವ ಏನ ಹೇಳತಾನ ನೀವೇ ಕೇಳ್ರಿ."

ವಿಶ್ವೇಶ ಬಂದರು. ಅಂಜಿನೇಯ ಇನ್ನೊಮ್ಮೆ ಹೇಳಿದ, ಈ ಸಲ ಎಲ್ಲರಿಗೂ ಕೇಳುವಂತೆ. ಕೈಮುಗಿದು, "ನನ್ನ ಸಲುವಾಗಿ ನೆರಳು ಬಂದ್ ಮಾಡಬ್ಯಾಡ್ರಿ ಧಣೇರ. ನನ್ನೊಬ್ಬನ್ನ ತಗದ ಹಾಕಿಬಿಡ್ರಿ," ಎಂದ. ವಿಶ್ವೇಶ ಹುಲಗೆಮ್ಮನವರತ್ತ ತಿರುಗಿ ಕೇಳಿದರು:

"ಅವ್ವಾ, ಈ ಗೇಟಿನಾಗ ಮೊದಲು ಯಾರಾರ ಹಿಂಗ ತಾವಾಗೇ ಹೇಳ್ಯಾರೇನು?"

ಹುಲಗೆಮ್ಮ ಯೋಚಿಸಿದರು. ಸೇಂದಿ ಗಡಿಗೆಯ ಕಾಲದಲ್ಲಿ ಹೇಳುವ ಮಾತೇ ಇರಲಿಲ್ಲ. ಆಣೆಯ ಕಾಲದಲ್ಲಿ ಊರು ಬಿಟ್ಟು ಓಡಿದರು. ದಂಡದ ಕಾಲದಲ್ಲಿ ಗೋಡೆ ಹಾರಿದರು. ನೆರಳು ಬಂದ ಮೇಲೂ ಚೆಲ್ಲಿದ ಚಹಾ ಹೇಳಿದೆಯೇ ಹೊರತು ಯಾರ ಬಾಯಿಯೂ ಹೇಳಿರಲಿಲ್ಲ.

"ಇಲ್ರೀ," ಎಂದರು. "ನನ್ನ ಗಂಡ ಸೈತ ಹೇಳಿರಲಿಲ್ಲ."

"ಮಷಿನ್ ತಂದದ್ದು ಕದ್ದು ಕುಡಿಯೋರನ್ನ ಹಿಡಿಯಾಕ. ಇವನ್ನ ಏನಂತ ಹಿಡೀಲಿ ಅವ್ವಾ?" ವಿಶ್ವೇಶ ಅಂಜಿನೇಯನ ಹೆಗಲ ಮೇಲೆ ಕೈಯಿಟ್ಟರು. "ನಡಿ, ಮೊದಲು ದವಾಖಾನಿಗೆ, ಆಮೇಲೆ ನೆರಳಿಗೆ. ಕಾಕಾಗ ನಾ ಹೇಳತೀನಿ."

ಕಾಕಾ ಸುಮ್ಮನೆ ಒಪ್ಪಿದರು ಎಂದುಕೊಳ್ಳಬೇಡಿ. ಒಂದಿಡೀ ಸಂಜೆ ಕೂಗಾಡಿದರು. ಮುಚ್ಚಿಟ್ಟು ಬರುವವನನ್ನು ಜಿನ್ನಿನ ಮುಂದೆ ನಿಲ್ಲಿಸುವುದು ಲೇಸೋ, ಹೇಳಿ ಬರುವವನನ್ನು ನೆರಳಿಗೆ ಕೂರಿಸುವುದು ಲೇಸೋ ಎಂದು ವಿಶ್ವೇಶ ಕೇಳಿದ ಮೇಲೆ ಷರತ್ತು ವಾಪಸು ತೆಗೆದುಕೊಂಡರು. ಅಂಜಿನೇಯ ಮತ್ತೆ ದಾವಲ್ ಬೀ ಪಕ್ಕದಲ್ಲಿ ಕೂತು ಎಲೆ, ಕಡ್ಡಿ ಆರಿಸುತ್ತಿದ್ದಾನೆ. ಬುಧವಾರ ಮಲ್ಲೇಶನೂ ಗೇಟಿಗೆ ಬಂದು, ಊದುವ ಮುಂಚೆಯೇ, ಯವ್ವಾ ಇವತ್ತು ನನಗೂ ನೆರಳು ಎಂದನಂತೆ.

ಇಷ್ಟೆಲ್ಲ ಮಾಡುವ ನಿಮಗೆ ಏನು ಬೇಕು ತಾಯಿ ಎಂದು ಕೇಳಿದರೆ ಹುಲಗೆಮ್ಮ ಮೊದಲು ನಕ್ಕು ತೇಲಿಸುತ್ತಾರೆ. ಮತ್ತೆ ಕೇಳಿದರೆ ಟವೆಲ್ ಬಿಚ್ಚಿ ಮುಖ ಒರೆಸಿಕೊಳ್ಳುತ್ತಾರೆ.

"ನನ್ನ ಗಂಡ ಅವತ್ತು ಬಾಯಿಬಿಟ್ಟು ಹೇಳಬೇಕಂತ ಬಂದಿದ್ರೂ ಕೇಳಾಕ ಇಲ್ಲಿ ಯಾರಿದ್ರು ಹೇಳ್ರಿ? ಈಗ ಕೇಳೋರು ಅದೀವಿ. ನಾ ಹ್ವಾದ ಮ್ಯಾಲೂ ಈ ಗೇಟಿನಾಗ ಕೇಳೋರು ಒಬ್ಬರು ಇರ್ಲಿ. ಅಷ್ಟ ನೋಡ್ರಿ."